ಆರೋಪಿ ನಂಬರ್ ಒಂದು: ಸ್ಪಾರ್ಕ್ ಪ್ಲಗ್ ಜೊತೆ ಸಂದರ್ಶನ

ಹಳೆಯ ಬೈಕು ಸ್ಟಾರ್ಟ್ ಆಗದಿದ್ದಾಗ ಮೊದಲು ಅಮಾನತಾಗುವುದು ಸ್ಪಾರ್ಕ್ ಪ್ಲಗ್. ಬಿಚ್ಚಲು ಒಂದು ಪಾನಾ ಸಾಕು, ಹೊಸದಕ್ಕೆ ಹೆಚ್ಚು ದುಡ್ಡೂ ಬೇಡ. ತಪ್ಪಿತಸ್ಥರ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ. ತುಮಕೂರು ತಾಲ್ಲೂಕಿನ ಬೆಳ್ಳಾವಿಯಲ್ಲಿ ರಿಪೇರಿಗೆ ನಿಂತ ಯೆಜ್ಡಿಯೊಂದರಿಂದ ಹೊರಬಿದ್ದು ಡಬ್ಬಿ ಸೇರಿದ ಪ್ಲಗ್ ಇಲ್ಲಿ ಹೇಳಿಕೆ ಕೊಟ್ಟಿದೆ. ತನ್ನ ವಿಷಯವನ್ನೂ ಅದು ಮೂರನೆಯವರ ವಿಷಯದಂತೆ ಹೇಳುತ್ತದೆ. ಇಲಾಖಾ ವಿಚಾರಣೆ ಎದುರಿಸಿದವರಿಗೆಲ್ಲ ಬರುವ ರೂಢಿ ಅದು.

ಪ್ರಶ್ನೆ: ಸೇವಾ ವಿವರ?

ಉತ್ತರ: ಗಾಡಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. ಅಲ್ಲಿ ಉತ್ಪಾದನೆ ಶುರುವಾದದ್ದು 1961ರಲ್ಲಿ, ಬಾಗಿಲು ಮುಚ್ಚಿದ್ದು 1996ರಲ್ಲಿ. ಎರಡು ಸ್ಟ್ರೋಕ್, 250 ಸಿಸಿ ವರ್ಗ. ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ದುಡಿಯುವವನು ಒಬ್ಬ, ಸದ್ದು ಮಾಡುವವರು ಇಬ್ಬರು ಎಂಬ ಏರ್ಪಾಡು ಕಚೇರಿಗಳಿಗೆ ಹೊಸದಲ್ಲ.

ಪ್ರಶ್ನೆ: ಕಿಡಿ ಹುಟ್ಟಿಸುವ ಜವಾಬ್ದಾರಿ ಪ್ಲಗ್ಗಿನದೇ ತಾನೇ?

ಉತ್ತರ: ಅಲ್ಲ. ಪ್ಲಗ್ ಬರೀ ಕಿಡಿ ಹಾರುವ ಜಾಗ. 6 ವೋಲ್ಟ್ ಬ್ಯಾಟರಿಯ ಕರೆಂಟ್ ಕಾಯಿಲ್‌ನ ದಪ್ಪ ತಂತಿಯ ಸುತ್ತುಗಳಲ್ಲಿ ಹರಿದು ಕಾಂತಕ್ಷೇತ್ರ ಕಟ್ಟುತ್ತದೆ. ಕ್ಯಾಮ್ ತಿರುಗಿ, ಕರೆಂಟ್ ಕೂಡಿಸಿ ಕಡಿಯುವ ಪಾಯಿಂಟನ್ನು ಬಿಡಿಸಿದ ಕ್ಷಣ ಕರೆಂಟ್ ಕಡಿದು ಕ್ಷೇತ್ರ ಕುಸಿಯುತ್ತದೆ. ಅದೇ ಕಾಯಿಲ್‌ನ ತೆಳು ತಂತಿಯ ಸಾವಿರಾರು ಸುತ್ತುಗಳಲ್ಲಿ ಸಾವಿರಾರು ವೋಲ್ಟ್ ಎದ್ದು ಪ್ಲಗ್ಗಿನ ತುದಿಯಲ್ಲಿ ಹಾರುತ್ತದೆ. ಇದು ಫ್ಯಾರಡೆ 1831ರಲ್ಲಿ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆ. 1918ರಲ್ಲಿ ಕನ್ನಡದಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ಹೊರಡಿಸಿದವರಲ್ಲೊಬ್ಬರಾದ ಭೌತಶಾಸ್ತ್ರದ ಮೇಷ್ಟ್ರು ಬೆಳ್ಳಾವೆ ವೆಂಕಟನಾರಣಪ್ಪನವರ ಹೆಸರಿನಲ್ಲೇ ಈ ಬೆಳ್ಳಾವಿಯಿದೆ. ಅವರ ಊರಿನಲ್ಲೂ ಪ್ಲಗ್ಗನ್ನೇ ದೂರುವುದು ವಿಷಾದಕರ.

ಪ್ರಶ್ನೆ: ಹಾಗಾದರೆ ವಿಚಾರಣೆ ಎಲ್ಲಿಂದ ಶುರುವಾಗಬೇಕು?

ಉತ್ತರ: ಪ್ಲಗ್ಗಿನಿಂದಲೇ, ಆದರೆ ಅದು ಸಾಕ್ಷಿಯಾಗಿ. ತುದಿ ತಿಳಿ ಕಂದಾಗಿದ್ದರೆ ಉರಿ ಸರಿಯಿದೆ. ಒಣ ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚು. ಬೆಳ್ಳಗಾಗಿದ್ದರೆ ಗಾಳಿ ಹೆಚ್ಚು, ಬಿಸಿಯೂ ಹೆಚ್ಚು. ಎಷ್ಟು ಕಿಕ್ ಹೊಡೆದರೂ ಒಣಗಿಯೇ ಇದ್ದರೆ ಪೆಟ್ರೋಲೇ ತಲುಪಿಲ್ಲ, ನೋಡಬೇಕಾದ್ದು ಕಾರ್ಬುರೇಟರ್. ಒದ್ದೆಯಾಗಿದ್ದರೆ ಕಿಡಿಯ ಮೇಲೆ ಅನುಮಾನ. ಆಗ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಮೈಯನ್ನು ಇಂಜಿನ್ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆಯಬೇಕು. ನೀಲಿ ಕಿಡಿ ಚಟ್ಟನೆ ಹಾರಬೇಕು. ಬರಿಗೈಯಲ್ಲಿ ಹಿಡಿಯಬಾರದು, ಪೆಟ್ರೋಲ್ ಆವಿ ಬರುವ ಪ್ಲಗ್ ತೂತಿನಿಂದ ದೂರವಿಡಬೇಕು.

ಪ್ರಶ್ನೆ: ಹಳದಿ, ಬಡಕಲು ಕಿಡಿ ಬಂದರೆ?

ಉತ್ತರ: ಮೊದಲು ಕ್ಯಾಪ್ ಮತ್ತು ವೈರ್ ಸಡಿಲವಾಗಿವೆಯೇ, ಸೀಳಿವೆಯೇ ನೋಡಬೇಕು. ಆಮೇಲೆ ಪಾಯಿಂಟ್: ಪೂರ್ತಿ ತೆರೆದಾಗ ಸಂದು ಸುಮಾರು 0.4 ಮಿಲಿಮೀಟರ್ ಇರಬೇಕು. ಎಣ್ಣೆ, ಮಸಿ ಕೂಡದು. ಪಾಯಿಂಟ್ ಮತ್ತೆ ಮತ್ತೆ ಸುಡುತ್ತಿದ್ದರೆ ಪಕ್ಕದ ಕಂಡೆನ್ಸರ್ ಮೇಲೆ ಕಣ್ಣಿಡಬೇಕು. ಕರೆಂಟ್ ಕಡಿಯುವಾಗ ಪಾಯಿಂಟಿನಲ್ಲೇ ಕಿಡಿ ಹಾರಿ ಪೋಲಾಗದಂತೆ ತಡೆಯುವುದು ಅದರ ಕೆಲಸ. ಅದು ಕೆಟ್ಟರೆ ಪಾಯಿಂಟಿನಲ್ಲಿ ದಪ್ಪ ಕಿಡಿ, ಪ್ಲಗ್ಗಿನಲ್ಲಿ ಬಡ ಕಿಡಿ. ನೋಟಿಸ್ ಮಾತ್ರ ಪ್ಲಗ್ಗಿಗೆ.

ಪ್ರಶ್ನೆ: ಕಿಡಿಯೇ ಇಲ್ಲದಿದ್ದರೆ?

ಉತ್ತರ: ಬ್ಯಾಟರಿ, ಕೀ ಸ್ವಿಚ್, ಅರ್ತ್ ನೋಡಿ, ಒಂದು 6 ವೋಲ್ಟ್ ಬಲ್ಬು ತರಬೇಕು. ಅದರ ಒಂದು ವೈರನ್ನು ಕಾಯಿಲ್‌ನಿಂದ ಪಾಯಿಂಟಿಗೆ ಹೋಗುವ ಕಡೆಗೆ, ಇನ್ನೊಂದನ್ನು ಇಂಜಿನ್ ಮೈಗೆ ತಾಗಿಸಿ, ಕೀ ಹಾಕಿ ಇಂಜಿನ್ನನ್ನು ನಿಧಾನ ತಿರುಗಿಸಬೇಕು. ಪಾಯಿಂಟ್ ತೆರೆದಾಗ ಬಲ್ಬು ಹತ್ತಬೇಕು, ಮುಚ್ಚಿದಾಗ ಆರಬೇಕು. ಆರದೇ ಉರಿದರೆ ಪಾಯಿಂಟ್ ಕೂಡುತ್ತಿಲ್ಲ. ಹತ್ತದೇ ಇದ್ದರೆ ಕರೆಂಟ್ ಕಾಯಿಲ್ ದಾಟಿ ಬರುತ್ತಿಲ್ಲ, ಇಲ್ಲವೇ ಪಾಯಿಂಟ್ ವೈರೋ ಕಂಡೆನ್ಸರೋ ಶಾರ್ಟ್ ಆಗಿದೆ. ಟೈಮಿಂಗ್ ನೋಡಲೂ ಇದೇ ಬಲ್ಬು ಸಾಕು. ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ ತುಸು ಮುಂಚೆ, ಗೊತ್ತಾದ ಜಾಗದಲ್ಲಿ ಅದು ಹತ್ತಬೇಕು.

ಪ್ರಶ್ನೆ: ಬೆಳ್ಳಾವಿ ಬಿಟ್ಟ ಗಾಡಿ ತುಮಕೂರು ಮುಟ್ಟುವ ಮೊದಲೇ ನಿಂತು, ನೆರಳಲ್ಲಿ ಅರ್ಧ ಗಂಟೆ ಇಟ್ಟರೆ ತಾನೇ ಹೊರಡುತ್ತದಲ್ಲ?

ಉತ್ತರ: ಬಿಸಿಯಾದಾಗ ಕೈಕೊಟ್ಟು ತಣ್ಣಗಾದಾಗ ಸರಿಯಾಗುವ ಕಾಯಿಲ್ ಅಥವಾ ಕಂಡೆನ್ಸರ್ ಹೀಗೆ ಮಾಡುತ್ತದೆ. ಮೆಕ್ಯಾನಿಕ್ ಬರುವ ಹೊತ್ತಿಗೆ ಎಲ್ಲವೂ ನೆಟ್ಟಗಿರುತ್ತದೆ, ತಪಾಸಣೆಯ ದಿನದ ಹಾಜರಿ ಪುಸ್ತಕದ ಹಾಗೆ. ಆದ್ದರಿಂದ ಗಾಡಿ ನಿಂತ ಜಾಗದಲ್ಲೇ, ಬಿಸಿಯಿದ್ದಾಗಲೇ ಕಿಡಿ ನೋಡಬೇಕು.

ಪ್ರಶ್ನೆ: ಆದರೂ ಹೊಸ ಪ್ಲಗ್ ಹಾಕಿದೊಡನೆ ಗಾಡಿ ಸ್ಟಾರ್ಟ್ ಆಗುತ್ತದೆ. ಇದಕ್ಕೇನು ಸಮಜಾಯಿಷಿ?

ಉತ್ತರ: ಮಸಿಯಿಲ್ಲದ ಹೊಸ ಪ್ಲಗ್ಗಿನಲ್ಲಿ ಕರೆಂಟ್ ಸೋರುವುದಿಲ್ಲ, ಸಂದೂ ಸವೆದು ಅಗಲವಾಗಿರುವುದಿಲ್ಲ. ಕಡಿಮೆ ವೋಲ್ಟಿಗೂ ಕಿಡಿ ಹಾರುವುದರಿಂದ ಸೋತ ಕಂಡೆನ್ಸರ್, ಸೋತ ಕಾಯಿಲ್ ಇನ್ನಷ್ಟು ದಿನ ನಿಭಾಯಿಸುತ್ತವೆ. ಹೊಸದಕ್ಕೂ ಮಸಿ ಹಿಡಿದಾಗ ಅದಕ್ಕೂ ಅಮಾನತು. ಒಂದು ಸಲಕ್ಕೆ ಒಂದೇ ಭಾಗ ಬದಲಿಸಬೇಕು. ಪ್ಲಗ್, ಪಾಯಿಂಟ್, ಕಂಡೆನ್ಸರ್, ಕಾಯಿಲ್ ನಾಲ್ಕನ್ನೂ ಒಟ್ಟಿಗೆ ಬದಲಿಸಿದರೆ ಗಾಡಿ ಓಡಬಹುದು, ಕಾರಣ ಗೊತ್ತಾಗುವುದಿಲ್ಲ. ದೋಷ ಸರಿಹೋಯಿತು ಅನ್ನಿಸಿದ ಮೇಲೆ ಹಳೆಯ ಪ್ಲಗ್ಗನ್ನೇ ತಿಕ್ಕಿ, ಸಂದು ಸರಿಮಾಡಿ ಹಾಕಿ ಓಡಿಸುವುದು ಕೊನೆಯ ಪರೀಕ್ಷೆ. ಗಾಡಿ ಓಡಿದರೆ ಆರೋಪ ಸಾಬೀತಾಗಿಲ್ಲವೆಂದು ಷರಾ ಬರೆದು, ಪ್ಲಗ್ಗನ್ನು ಸೇವೆಗೆ ವಾಪಸ್ ತೆಗೆದುಕೊಳ್ಳಬಹುದು.