ಫಾರ್ಮ್ಯಾಟ್ ಮಾಡುವ ಮುನ್ನ ಅಳೆದು ನೋಡಿ

ರಾಯಚೂರು, ದೇವದುರ್ಗ, ಮಾನ್ವಿಯ ಶಾಲೆ–ಕಾಲೇಜುಗಳಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಸರ್, ಮೇಡಂ,

ಡಿಸ್ಕ್ ತುಂಬಿದೆ ಎಂದು ಪರದೆ ಮೇಲೆ ಬಂದರೆ ಸಾಕು, ಎಲ್ಲ ಅಳಿಸಿ ಹೊಸದಾಗಿ ಉಬುಂಟು ಹಾಕುವ ರೂಢಿ ಅನೇಕ ಕಡೆ ಇದೆ. ಅದನ್ನು ಬಿಡಿ ಎಂದು ಕೇಳಿಕೊಳ್ಳಲಿಕ್ಕೇ ಈ ಪತ್ರ. ನಮ್ಮದು ಹರಿದಾಸರ ನಾಡು: ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಬ್ಯಾಗವಾಟ ಎರಡೂ ಮಾನ್ವಿ ಸೀಮೆಯವು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ್ದು. ಇಲ್ಲಿನ ಹುಡುಗಿಯೊಬ್ಬಳು ಅಜ್ಜಿ ಹಾಡಿದ ದಾಸರ ಪದವನ್ನೋ ಮೊಹರಂನ ರಿವಾಯತ್ ಪದವನ್ನೋ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಲ್ಯಾಬಿನ ಕಂಪ್ಯೂಟರಿಗೆ ಹಾಕಿದ್ದರೆ, ಅದರ ಇನ್ನೊಂದು ಪ್ರತಿ ಬೇರೆಲ್ಲೂ ಇರಲಿಕ್ಕಿಲ್ಲ. ಉಬುಂಟು ನಾಳೆಯೂ ಸಿಗುತ್ತದೆ, ಪುಕ್ಕಟೆ ಸಿಗುತ್ತದೆ. ಅಜ್ಜಿಯ ದನಿ ಸಿಗುವುದಿಲ್ಲ.

ಎಷ್ಟೋ ಸಲ ಜಾಗ ತಿಂದಿರುವುದು ಆ ಹುಡುಗಿಯ ಫೋಲ್ಡರ್ ಆಗಿರುವುದೇ ಇಲ್ಲ. ಜಾಗ ತಿಂದದ್ದು ಯಾವುದೆಂದು ಕಂಡುಹಿಡಿಯುವ ಎರಡು ಆಜ್ಞೆಗಳು, ‘ಡಿಎಫ್’ ಮತ್ತು ‘ಡಿಯು’, 1971ರ ಮೊದಲ ಯುನಿಕ್ಸ್ ಕೈಪಿಡಿಯಲ್ಲೇ ಇವೆ. ಟರ್ಮಿನಲ್ ತೆರೆದು ‘ಡಿಎಫ್ -ಎಚ್’ ಎಂದರೆ ಯಾವ ಪಾರ್ಟಿಷನ್ ಎಷ್ಟು ತುಂಬಿದೆ ಎಂಬುದು ಗೊತ್ತಾಗುತ್ತದೆ. ‘ಡಿಯು’ ಫೋಲ್ಡರ್ ಫೋಲ್ಡರಿಗೂ ಇಳಿದು ಲೆಕ್ಕ ಹಾಕುತ್ತದೆ. ಅದನ್ನು ‘ಸುಡೊ’ ಜೊತೆಗೇ ಓಡಿಸಿ. ಇಲ್ಲದಿದ್ದರೆ ಅನುಮತಿ ಇಲ್ಲದ ಫೋಲ್ಡರುಗಳು ಲೆಕ್ಕದಿಂದ ಬಿಟ್ಟುಹೋಗುತ್ತವೆ. ‘-ಎಕ್ಸ್’ ಸೇರಿಸಿದರೆ ಚುಚ್ಚಿಟ್ಟ ಪೆನ್‌ಡ್ರೈವ್ ಲೆಕ್ಕಕ್ಕೆ ಬರುವುದಿಲ್ಲ. ‘ಎನ್‌ಸಿಡಿಯು’ ಹಾಕಿಕೊಂಡರೆ ಇನ್ನೂ ಸಲೀಸು: ದೊಡ್ಡ ಫೋಲ್ಡರ್ ಮೇಲೆ, ಸಣ್ಣದು ಕೆಳಗೆ, ಬಾಣದ ಕೀಲಿ ಒತ್ತುತ್ತ ಒಳಗೆ ಹೋಗುವುದು.

ಹಾಗೆ ಹೋದವರು ಬಹಳ ಸಲ ‘ವಾರ್’ ಎಂಬ ಫೋಲ್ಡರಿನಲ್ಲಿ ನಿಲ್ಲುತ್ತಾರೆ. ಯಾವುದೋ ಡ್ರೈವರ್ ಕೆಟ್ಟು ಒಂದೇ ದೂರನ್ನು ಲಕ್ಷಾಂತರ ಸಲ ಬರೆದಿಟ್ಟ ಲಾಗ್ ಅಲ್ಲಿರುತ್ತದೆ. ಅಪ್‌ಡೇಟಿಗೆಂದು ಇಳಿಸಿಕೊಂಡ ಹಳೆಯ ಪ್ಯಾಕೇಜುಗಳು, ಸ್ನ್ಯಾಪ್‌ನ ಹಿಂದಿನ ಆವೃತ್ತಿಗಳೂ ಇರುತ್ತವೆ. ಪ್ಯಾಕೇಜುಗಳಿಗೆ ‘ಸುಡೊ ಆಪ್ಟ್ ಕ್ಲೀನ್’ ಸಾಕು. ಲಾಗನ್ನು ಮಾತ್ರ ಅಳಿಸುವ ಮೊದಲು ಓದಿ, ಏಕೆಂದರೆ ರೋಗ ಯಾವುದೆಂದು ಅದೇ ಹೇಳುತ್ತದೆ. ಉಬುಂಟು ಬದಲು ಲಿನಕ್ಸ್ ಮಿಂಟ್ ಇದ್ದರೆ ಟೈಮ್‌ಶಿಫ್ಟ್ ಸ್ನ್ಯಾಪ್‌ಶಾಟುಗಳನ್ನೂ, ಎಲ್ಲಿದ್ದರೂ ಕಸದ ಬುಟ್ಟಿಯನ್ನೂ ನೋಡಿ.

ಕೆಲವೊಮ್ಮೆ ಎರಡು ಲೆಕ್ಕ ತಾಳೆಯಾಗುವುದಿಲ್ಲ. ಡಿಎಫ್ ತುಂಬಿದೆ ಎನ್ನುತ್ತದೆ, ಡಿಯು ಅರ್ಧವೂ ಇಲ್ಲ ಎನ್ನುತ್ತದೆ. ಹೊಸಬರು ಕೈಚೆಲ್ಲಿ ಫಾರ್ಮ್ಯಾಟಿಗೆ ಹೋಗುವುದು ಇಲ್ಲೇ. ಯಾವುದೋ ಪ್ರೋಗ್ರಾಂ ತೆರೆದು ಹಿಡಿದಿರುವ ಫೈಲನ್ನು ಅಳಿಸಿದರೆ ಅದರ ಹೆಸರು ಹೋಗುತ್ತದೆ, ಜಾಗ ಹೋಗುವುದಿಲ್ಲ. ಆ ಪ್ರೋಗ್ರಾಂ ಮುಚ್ಚಿದ ಮೇಲಷ್ಟೇ ಬಿಡುಗಡೆ. ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಿದರೆ ಸರಿಹೋಗುವ ತೊಂದರೆ ಇದು. ಜಾಗವಿದ್ದೂ ಫೈಲ್ ಉಳಿಸಲು ಆಗದಿದ್ದರೆ ‘ಡಿಎಫ್ -ಐ’ ನೋಡಿ: ಚಿಕ್ಕಪುಟ್ಟ ಫೈಲುಗಳು ಲೆಕ್ಕವಿಲ್ಲದಷ್ಟು ಸೇರಿ, ಫೈಲಿಗೊಂದರಂತೆ ಬೇಕಾಗುವ ಐನೋಡ್‌ಗಳೇ ಮುಗಿದಿರಬಹುದು. ಇಎಕ್ಸ್‌ಟಿ4 ಫೈಲ್ ವ್ಯವಸ್ಥೆ ಸಾಮಾನ್ಯವಾಗಿ ಶೇ. 5ರಷ್ಟನ್ನು ರೂಟ್‌ಗೆಂದು ಮೀಸಲಿಡುತ್ತದೆ ಎಂಬುದೂ ನೆನಪಿರಲಿ. 1 ಟಿಬಿ ಡಿಸ್ಕಿನಲ್ಲಿ ಅದು ಸುಮಾರು 50 ಜಿಬಿ.

ಡಿಸ್ಕ್ ಪೂರ್ತಿ ತುಂಬಿದಾಗ ಪಾಸ್‌ವರ್ಡ್ ಸರಿಯಿದ್ದರೂ ಲಾಗಿನ್ ಪರದೆಯೇ ಮತ್ತೆ ಮತ್ತೆ ಬರಬಹುದು. ಯಂತ್ರ ಕೆಟ್ಟಿತೆಂದು ಗಾಬರಿಯಾಗಬೇಡಿ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಕಪ್ಪು ಪರದೆಯಲ್ಲಿ ಲಾಗಿನ್ ಆದರೆ ಇದೇ ಆಜ್ಞೆಗಳು ಅಲ್ಲೂ ನಡೆಯುತ್ತವೆ.

ನಿಮ್ಮ ಮೇಲಿನ ಹೊರೆ ನನಗೆ ಗೊತ್ತು: ಪಾಠ, ಪರೀಕ್ಷೆ, ಆನ್‌ಲೈನ್ ಅರ್ಜಿ, ನಡುವೆ ಲ್ಯಾಬ್. ಆದ್ದರಿಂದ ಇದನ್ನು ಮಕ್ಕಳಿಗೇ ಕಲಿಸಿ. ಹೈಸ್ಕೂಲಿನ ಇಬ್ಬರನ್ನು ಒಂದು ಯಂತ್ರದ ಮುಂದೆ ಕೂರಿಸಿದರೆ ಅವರೇ ಹುಡುಕುತ್ತಾರೆ. ಅಳಿಸುವುದಕ್ಕೆ ಮಾತ್ರ ನಿಮ್ಮ ಒಪ್ಪಿಗೆ ಇರಲಿ. ಫಾರ್ಮ್ಯಾಟ್ ಮಾಡಲೇಬೇಕಾಗಿ ಬಂದರೆ, ದಯವಿಟ್ಟು ‘ಹೋಮ್’ ಫೋಲ್ಡರನ್ನು ಮೊದಲು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ, ಆ ನಕಲು ತೆರೆಯುತ್ತದೆಯೇ ಎಂದು ನೋಡಿಕೊಳ್ಳಿ.