ಸೊನ್ನೆ ಟಿಕೆಟ್ಟಿನ ಸವಾರಿ

2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವೆಂಬ ಶಕ್ತಿ ಯೋಜನೆ ಬಂದದ್ದೇ ತಡ, ನಾಯಕನಹಟ್ಟಿಯ ನಮ್ಮ ಮನೆಯ ಪ್ರವಾಸ ಖಾತೆ ಹೆಂಡತಿಯ ವಶವಾಯಿತು. ಬಸ್ಸಿನಲ್ಲಿ ಅವಳಿಗೆ ಸೊನ್ನೆ ಟಿಕೆಟ್ಟು, ನನಗೆ ಪೂರ್ತಿ ಚಾರ್ಜು. ಖರ್ಚಿನ ಬಾಬ್ತು ನಾನೊಬ್ಬನೇ ಆದ್ದರಿಂದ ಕಿಟಕಿ ಸೀಟು ಕೇಳುವ ಹಕ್ಕೂ ನನಗಿಲ್ಲ.

ಹೀಗಿರುವಾಗ ದಾರಿಯಲ್ಲಿ ಅಂಗಡಿಯ ಕೂಲ್‌ಡ್ರಿಂಕ್ಸಿಗೆ ದುಡ್ಡು ಸುರಿಯುವುದುಂಟೇ? ಹುಣಸೆಹಣ್ಣು ನೆನೆಸಿ, ಕಿವುಚಿ, ಬೆಲ್ಲ ಏಲಕ್ಕಿ ಬೆರೆಸಿದ ಪಾನಕ ಒಂದು ಬಾಟಲಿ, ಒಗ್ಗರಣೆ ಮಜ್ಜಿಗೆ ಇನ್ನೊಂದು. ಹೊರುವ ಗೌರವ ನನ್ನದು. ಮುಚ್ಚಳ ತೆಗೆದರೆ ಸಾಕು, ಹಿಂದಿನ ಸೀಟಿನ ಅಜ್ಜಿ, "ಏನಪ್ಪಾ ಅದು, ಘಮ್ಮಂತೈತೆ!" ಅನ್ನುತ್ತಾಳೆ. "ಮಾಡಿದಷ್ಟು ನೀಡು ಭಿಕ್ಷೆ" ಎಂದ ಸಂತ ತಿಪ್ಪೇರುದ್ರಸ್ವಾಮಿಯ ಊರಿನವನು ಇಲ್ಲ ಅನ್ನಲಾದೀತೇ? ಚಳ್ಳಕೆರೆ ಬರುವಷ್ಟರಲ್ಲಿ ನನಗೆ ಉಳಿಯುವುದು ತಳದ ಹುಣಸೆ ನಾರು.

ಮೊನ್ನೆ, ಬ್ರಹ್ಮಗಿರಿಯ ಅಶೋಕನ ಶಾಸನ ನೋಡೋಣ ಅಂದೆ. "ಎರಡು ಸಾವಿರ ವರ್ಷದಿಂದ ಅಲ್ಲೇ ಇರೋ ಬಂಡೆ ಎಲ್ಲಿಗೆ ಹೋಗುತ್ತೆ ರೀ? ಮೊದಲು ಮೊಳಕಾಲ್ಮೂರಲ್ಲಿ ಇಳಿಯಿರಿ" ಅಂದಳು. ಅಲ್ಲಿನ ರೇಷ್ಮೆ ಸೀರೆಯ ಮುಂದೆ ಚಕ್ರವರ್ತಿಯ ಆಟವೂ ನಡೆಯದು. ಪಾನಕದಲ್ಲಿ ಉಳಿಸಿದ್ದು ಸೀರೆಯ ಸೆರಗಿಗೂ ಸಾಲಲಿಲ್ಲ. "ಬಸ್ ಚಾರ್ಜು ಉಳಿಸಿದ್ದು ಯಾರು?" ಅಂತ ಅವಳು ಕೇಳಿದಾಗ, ಸಂಸಾರ ಬಲ್ಲ ನಾನು ಸುಮ್ಮನೆ ಬಿಲ್ಲು ಕಟ್ಟಿದೆ.