ಚಿಕ್ಕಬಳ್ಳಾಪುರ ಸೀಮೆಯ ರೋಮನ್ ಪದರ: ಒಂದು ಪೂರ್ವಭಾವಿ ಪ್ರಬಂಧ

ನಮ್ಮ ಜಿಲ್ಲೆಯಲ್ಲಿ ರೋಮನ್ನರು ಇದ್ದರೆಂಬುದಕ್ಕೆ ಪ್ರಸ್ತುತ ಸಂಶೋಧಕನಿಗೆ ಒಂದೂ ಕುರುಹು ಸಿಕ್ಕಿಲ್ಲ. ಅದೇ ಪ್ರಬಲವಾದ ಆಧಾರ. ಇಷ್ಟು ಅಚ್ಚುಕಟ್ಟಾಗಿ ಗುರುತು ಅಳಿಸಿ ಹೋಗಬಲ್ಲವರು ಇನ್ಯಾರು?

ಪೂರ್ವಪಕ್ಷ: ರೋಮಿನ ಬೆಳ್ಳಿ ನಾಣ್ಯಗಳ ನಿಧಿ 1891ರಲ್ಲಿ ಸಿಕ್ಕಿದ್ದು ಯಶವಂತಪುರದಲ್ಲಿ, ರೈಲು ಹಳಿಗೆಂದು ನೆಲ ಅಗೆಯುವಾಗ. ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಅಗೆಸಿದ್ದು ಚಿತ್ರದುರ್ಗದ ಚಂದ್ರವಳ್ಳಿಯನ್ನು. ಟೈಬೀರಿಯಸ್ ದೊರೆಯ ನಾಣ್ಯ ಬಂದದ್ದೂ ಅಲ್ಲಿ.

ಸಿದ್ಧಾಂತ: ಯಶವಂತಪುರದ ತನಕ ಬಂದವನು ದೇವನಹಳ್ಳಿ ದಾಟನೇ?

ರೇಷ್ಮೆಯ ಸಾಕ್ಷ್ಯವೂ ಉಂಟು. ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ನಾಣ್ಯ ಹೀರುತ್ತಿದೆಯೆಂದು ರೋಮಿನ ಲೇಖಕ ಪ್ಲಿನಿ ಗೋಳಾಡಿದ. ಅವನಿಗೂ ಮುಂಚೆ, ಅದೇ ಟೈಬೀರಿಯಸ್ಸನ ಕಾಲದಲ್ಲಿ, ಕ್ರಿ.ಶ. 16ರಲ್ಲಿ, ಗಂಡಸರು ರೇಷ್ಮೆ ಉಡಕೂಡದೆಂದು ರೋಮಿನ ಸೆನೆಟ್ ಕಟ್ಟಳೆ ಮಾಡಿತು. ಆ ವಾರ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ದರ ಬಿದ್ದಿರಲೇಬೇಕು. ಮೈಸೂರು ಸೀಮೆಗೆ ರೇಷ್ಮೆ ಹುಳು ತರಿಸಿದವನು ಟಿಪ್ಪು ಎಂಬ ಆಕ್ಷೇಪ ಬರೀ ಕಾಲಕ್ಕೆ ಸಂಬಂಧಿಸಿದ್ದಾದ್ದರಿಂದ ಕೈಬಿಡಲಾಗಿದೆ.

ಚಿಂತಾಮಣಿಯಲ್ಲಿ ಆಳವಾದ ಉತ್ಖನನಕ್ಕೇನೂ ಕೊರತೆಯಿಲ್ಲ. ಪ್ರತಿ ಬೇಸಿಗೆ ಸಾವಿರದೈನೂರು ಅಡಿಗೆ ಬೋರ್‌ವೆಲ್ ಇಳಿಯುತ್ತದೆ. ಆದರೆ ಕೇಸಿಂಗ್ ಪೈಪ್ ಇಳಿಸುವಷ್ಟರಲ್ಲಿ ಸಾಮ್ರಾಜ್ಯ ಮುಗಿದಿರುತ್ತದೆ, ಮಿಕ್ಕಿದ್ದೆಲ್ಲ ಬಂಡೆ, ಧೂಳು, ಸಾಲ.

ಆದಕಾರಣ ಗುದ್ದಲಿಯೇ ಗತಿ. ಇಂಗ್ಲೆಂಡಿನ ವಿಂಡೋಲಾಂಡಾ ಎಂಬ ರೋಮನ್ ಕೋಟೆಯಲ್ಲಿ ಬೇಸಿಗೆ ಅಗೆತಕ್ಕೆ ಸೇರುವವರು ತಾವೇ ಹಣ ಕಟ್ಟಿ, ಎರಡು ವಾರ ಮಂಡಿಯೂರಿ ಮಣ್ಣು ಕೆರೆಯುತ್ತಾರೆ. ಗೌರಿಬಿದನೂರು ಕಡೆಯ ಕೆರೆಯಂಗಳದಲ್ಲಿ ಅದೇ ಬೇಸಿಗೆಯಲ್ಲಿ ನರೇಗಾದಡಿ ಹೂಳೆತ್ತುವವರಿಗೆ 2024–25ರಲ್ಲಿ ಸರ್ಕಾರವೇ ದಿನಕ್ಕೆ 349 ರೂಪಾಯಿ ಕೊಡುತ್ತಿತ್ತು. ಅಲ್ಲಿ ಪದರ ಪದರಕ್ಕೂ ದಾಖಲೆ. ಇಲ್ಲಿ ದಿನಕ್ಕೆರಡು ಸಲ ಹಾಜರಿ ಫೋಟೊ, ನೆಟ್‌ವರ್ಕ್ ಸಿಕ್ಕರೆ. ಕೊಟ್ಟು ಅಗೆದರೆ ವಿದ್ವತ್ತು, ಇಸ್ಕೊಂಡು ಅಗೆದರೆ ಕೂಲಿ. ಶಾಸ್ತ್ರದಲ್ಲಿ ಇದಕ್ಕಿಂತ ಸ್ಪಷ್ಟವಾದ ವಿಭಾಗ ಇನ್ನೊಂದಿಲ್ಲ.

ಈ ಸೂಕ್ಷ್ಮವನ್ನು ಕೂಲಿಗುಂಪಿನ ಮುಂದಾಳಾದ ಕಾಯಕಬಂಧುವೊಬ್ಬರಿಗೆ ಸವಿಸ್ತಾರವಾಗಿ ತಿಳಿಸಲಾಯಿತು. ಬಾಂಡ್ಲಿ ಕೆಳಗಿಟ್ಟು ಆಕೆ, “ದುಡ್ಡೂ ಕೊಟ್ಟು ಮಣ್ಣೂ ಹೊರ್ತಾರಾ ಸಾರ್? ಅವ್ರನ್ನ ಇಲ್ಲಿಗೇ ಕರ್ಕೊಂಡ್ ಬನ್ನಿ. ರೋಮು ಗೀಮು ಏನ್ ಸಿಕ್ರೂ ಅವ್ರೇ ಇಟ್ಕೊಳ್ಳಿ, ಹೂಳು ತೆಗೆದ್ರೆ ಸಾಕು” ಎಂದರು. ಪಾಂಡಿತ್ಯಪೂರ್ಣವಾದ ಈ ಸಲಹೆಯನ್ನು ಅಂಗೀಕರಿಸಲಾಗಿದೆ.

ಈ ಅಗೆತದ ಶಿಬಿರ ಸೇರಬಯಸುವವರು ಗ್ರಾಮ ಪಂಚಾಯಿತಿಯಲ್ಲಿ ಕೂಲಿ ಕೆಲಸ ಕೇಳುವ ನಮೂನೆ 6 ತುಂಬಿಕೊಡತಕ್ಕದ್ದು. ಲ್ಯಾಟಿನ್ ಬರಬೇಕೆಂದಿಲ್ಲ, ತೆಲುಗು ಬಂದರೆ ಅನುಕೂಲ.